ಟೊಮ್ಯಾಟೊ ತೋಟದ ಔಷಧಿ, ನಮ್ಮ ನರದ ತುದಿ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟೊಮ್ಯಾಟೊಗೆ ಔಷಧಿ ಹೊಡೆಯುವಾಗ ನಾಜಲ್ ಕಟ್ಟಿಕೊಂಡರೆ ಬಿಚ್ಚಿ ಬಾಯಿಂದ ಊದುವವರಿದ್ದಾರೆ. ದಯವಿಟ್ಟು ಊದಬೇಡಿ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಕೀಟನಾಶಕಗಳು ಕಾಯಿಕೊರಕ ಹುಳುವಿನ ನರಕ್ಕೆ ಮಾಡುವುದನ್ನೇ ನಮ್ಮ ನರಕ್ಕೂ ಮಾಡುತ್ತವೆ.

ಬೆನ್ನುಹುರಿಯಿಂದ ಪಾದಕ್ಕೆ ಇಳಿಯುವ ನರಕೋಶದ ಎಳೆ ಸುಮಾರು 1 ಮೀಟರ್ ಉದ್ದ. ಸುಮ್ಮನಿದ್ದಾಗ ಅದರ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ ವಿದ್ಯುತ್ತು. ಸಂಕೇತ ಬಂದಾಗ ಸೋಡಿಯಂ ಒಳನುಗ್ಗಿ ಆ ಜಾಗ ಕ್ಷಣಮಾತ್ರ ಧನವಾಗುತ್ತದೆ, ಪಕ್ಕದ ಜಾಗವನ್ನೂ ಎಬ್ಬಿಸುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಓಡುತ್ತದೆ.

ಆದರೆ ನರ ಸ್ನಾಯುವಿಗೆ ಅಂಟಿಕೊಂಡಿಲ್ಲ. ನಡುವೆ ಸುಮಾರು 50 ನ್ಯಾನೊಮೀಟರ್ ಸಂದು. ತಲೆಗೂದಲಿನ ದಪ್ಪದಲ್ಲಿ ಸಾವಿರದಲ್ಲೊಂದು ಪಾಲು. ನರದ ತುದಿ ಅಲ್ಲಿಗೆ ಅಸಿಟೈಲ್‌ಕೋಲಿನ್ ಎಂಬ ಸಂದೇಶ ಒಯ್ಯುವ ರಾಸಾಯನಿಕ ಚೆಲ್ಲಿದರೆ ಸ್ನಾಯು ಬಿಗಿಯುತ್ತದೆ. ಮತ್ತೆ ಸಡಿಲವಾಗಬೇಕಾದರೆ ಚೆಲ್ಲಿದ್ದನ್ನು ಬಳಿದು ತೆಗೆಯಬೇಕು. ಆ ಕೆಲಸ ಅಲ್ಲೇ ಇರುವ ಕೋಲಿನೆಸ್ಟರೇಸ್ ಕಿಣ್ವದ್ದು. ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯುತ್ತದೆ.

ಇಂಥ ಕೀಟನಾಶಕ ಈ ಕಿಣ್ವಕ್ಕೇ ಅಂಟಿಕೊಳ್ಳುತ್ತದೆ. ಸ್ನಾಯುವಿಗಷ್ಟೇ ಅಲ್ಲ, ಗ್ರಂಥಿಗಳಿಗೂ ನರದ ಆಜ್ಞೆ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು, ಭೇದಿ, ಎದೆ ತುಂಬ ಕಫ. ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ, ಮೀನಖಂಡ ಅದರುತ್ತದೆ. ಬಿಡುವಿಲ್ಲದೆ ದುಡಿದ ಸ್ನಾಯು ಕೊನೆಗೆ ಸೋಲುತ್ತದೆ.

ಕುಡಿದರಷ್ಟೇ ಅಲ್ಲ, ಬೆನ್ನ ಮೇಲಿನ ಕ್ಯಾನ್ ಸೋರಿ ಅಂಗಿ ನೆನೆದರೂ ಚರ್ಮದಿಂದ ಒಳಗಿಳಿಯುತ್ತದೆ. ವಿಷ ತಾಗಿದವರ ಬಟ್ಟೆ ತೆಗೆಸಿ, ನಿಮ್ಮ ಕೈಗೆ ಗ್ಲೌಸ್ ಹಾಕಿಕೊಂಡು ಸೋಪು ನೀರಿನಲ್ಲಿ ಮೈ ತೊಳೆಯಿರಿ, ಕೂದಲನ್ನೂ ಬಿಡಬೇಡಿ. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿ ಶ್ವಾಸಕೋಶಕ್ಕೆ ಹೋದೀತು. ಔಷಧಿ ಬಾಟಲಿಯನ್ನು ಲೇಬಲ್ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಅಲ್ಲಿ ಕೊಡುವ ಅಟ್ರೋಪಿನ್ ಜೊಲ್ಲು, ಕಫ ಒಣಗಿಸಿ ಜೀವ ಉಳಿಸುತ್ತದೆ. ಎದೆ ತಿಳಿಯಾಗುವ ತನಕ 5 ನಿಮಿಷಕ್ಕೊಮ್ಮೆ ಡೋಸ್ ಇಮ್ಮಡಿಸುವುದುಂಟು. ಆದರೆ ಅದು ಸ್ನಾಯುವಿನಲ್ಲಿ ಅಸಿಟೈಲ್‌ಕೋಲಿನ್ ಹಿಡಿಯುವ ಗ್ರಾಹಕಗಳಿಗೆ ತಾಗುವುದಿಲ್ಲ. ಆದ್ದರಿಂದಲೇ ಜೊಲ್ಲು ನಿಂತು, ಮಾತಾಡಿ, ಊಟ ಕೇಳಿದ ರೋಗಿಗೂ 1ರಿಂದ 4 ದಿನದೊಳಗೆ ಉಸಿರಾಟದ ಸ್ನಾಯು ಕೈಕೊಡಬಹುದು. ಹುಷಾರಾದರೆಂದು ಮಾರನೇ ದಿನವೇ ಮನೆಗೆ ಕರೆತರಬೇಡಿ. ಮಲಗಿದ್ದವರು ದಿಂಬಿನಿಂದ ತಲೆ ಎತ್ತಲಾರದೆ ಹೋದರೆ ಆ ಗಳಿಗೆಯಲ್ಲೇ ನರ್ಸ್‌ಗೆ ಹೇಳಿ: ಕುತ್ತಿಗೆ ಸೋತಿದೆ, ವೆಂಟಿಲೇಟರ್ ಬೇಕಾಗಬಹುದು.