ಫಿಲ್ಮ್ ಗಟ್ಟಿ, ಅಂಚು ಸೋರುಬುರುಕ

ಮುಂಬೈಯಲ್ಲಿ ಚಕ್ಕುಲಿ, ಹಪ್ಪಳ, ಬಾಳೆಕಾಯಿ ಚಿಪ್ಸ್ ಮಾಡಿ ಪ್ಯಾಕ್ ಮಾಡುವ ನಮ್ಮವರಿಗೆ ಜೂನ್ ಬಂತೆಂದರೆ ಮಾಲು ಮೆತ್ತಗಾಗುವ ಚಿಂತೆ. ಪ್ಯಾಕೆಟ್ಟಿನ ಫಿಲ್ಮ್ ಎಷ್ಟು ನೀರಾವಿಯನ್ನು ಒಳಗೆ ಬಿಡುತ್ತದೆ ಎಂದು ತಿಳಿಯಲು ಅದನ್ನು ಪರೀಕ್ಷೆಗೆ ಕೊಡುತ್ತಾರೆ. ಒಂದು ಚದರ ಮೀಟರ್ ಫಿಲ್ಮಿನಿಂದ ದಿನಕ್ಕೆ ಇಷ್ಟು ಗ್ರಾಂ ಆವಿ ದಾಟಿತು ಎಂದು ವರದಿ ಬರುತ್ತದೆ. ಆಹಾರದ ಪ್ಯಾಕಿಂಗ್‌ಗೆ ಸಾಮಾನ್ಯವಾಗಿ 38 ಡಿಗ್ರಿ ಸೆಲ್ಸಿಯಸ್, ಶೇ. 90 ತೇವಾಂಶದಲ್ಲಿ ಅಳೆಯುತ್ತಾರೆ. ಆ ಅಂಕಿಯನ್ನು ನಂಬಬಹುದೇ ಇಲ್ಲವೇ ಎಂಬುದು ಮಾತ್ರ ಬಹುಪಾಲು ಸ್ಯಾಂಪಲ್ ತಯಾರಿಸುವ ಮೇಜಿನ ಮೇಲೆಯೇ ತೀರ್ಮಾನವಾಗಿಬಿಟ್ಟಿರುತ್ತದೆ.

ಹಳೆಯದಾದರೂ ಇಂದಿಗೂ ಚಾಲ್ತಿಯಲ್ಲಿರುವುದು ಕಪ್ ವಿಧಾನ. ಎಎಸ್‌ಟಿಎಂ (ಅಮೆರಿಕದ ಮಾನಕ ಸಂಸ್ಥೆ) ಇ96 ಮಾನಕದಲ್ಲಿರುವುದು ಇದೇ. ಅಗಲ ಬಾಯಿಯ ಲೋಹದ ಕಪ್ಪಿಗೆ ನೀರು ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ, ಬಾಯಿಗೆ ಫಿಲ್ಮ್ ಬಿಗಿದು, ಅಂಚನ್ನು ಮೇಣದಿಂದ ಮುಚ್ಚಿ, ತೇವದ ಪೆಟ್ಟಿಗೆಯಲ್ಲಿಟ್ಟು ಆಗಾಗ ತೂಗುವುದು. ತೂಕ ಏರಿದಷ್ಟು ಆವಿ ಒಳಗೆ ಹೋಗಿದೆ ಎಂದು ಲೆಕ್ಕ. ಹೋದದ್ದು ಫಿಲ್ಮಿನ ಮೂಲಕವೋ ಅಂಚಿನ ಸಂದಿಯಿಂದಲೋ ಎಂಬುದು ತಕ್ಕಡಿಗೆ ಗೊತ್ತಾಗುವುದಿಲ್ಲ.

ರೋಲಿನ ಹೊರಸುತ್ತುಗಳು ತಿಕ್ಕಿ, ಧೂಳು ತಿಂದಿರುತ್ತವೆ. ಕೆಲವು ಸುತ್ತು ಬಿಚ್ಚಿ ಎಸೆದು ಒಳಗಿನಿಂದ ಕತ್ತರಿಸಬೇಕು. ಅಗಲದ ಎಡ, ನಡು, ಬಲದಿಂದ ಒಂದೊಂದರಂತೆ ಕನಿಷ್ಠ 3 ತುಂಡು ಬೇಕು. ಫಿಲ್ಮನ್ನು ಮಡಚಲೇಬಾರದು. ಮೆಟಲೈಸ್ಡ್ ಫಿಲ್ಮಿನ ಅಲ್ಯೂಮಿನಿಯಂ ಪದರ ಎಷ್ಟು ತೆಳು ಎಂದರೆ ಒಂದು ಮಡಿಕೆ ಸಾಕು, ಅದು ಬಿರುಕು ಬಿಡಲು. ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು ಸೂಜಿತೂತು, ಗೆರೆ ನೋಡಿ, ದಪ್ಪವನ್ನು ಮೈಕ್ರೋಮೀಟರ್ ಉಪಕರಣದಿಂದ ಐದು ಕಡೆ ಅಳೆದು ಬರೆದುಕೊಳ್ಳಬೇಕು. ಬರಿಗೈ ತಾಗಿಸಬೇಡಿ; ಗ್ಲೌಸ್ ಇರಲಿ.

ಮಳೆಗಾಲದ ಮುಂಬೈಯಲ್ಲಿ ಇನ್ನೊಂದು ಕಾಟವಿದೆ. 23 ಡಿಗ್ರಿಯ ಏಸಿ ಕೋಣೆಯಲ್ಲಿ ಹದಗೊಳಿಸಿಟ್ಟ ಫಿಲ್ಮನ್ನು ಹಾಗೇ ಹೊರಗಿನ ಪಡಸಾಲೆಗೆ ತಂದರೆ ಮೇಲೆ ಇಬ್ಬನಿ ಕೂರುತ್ತದೆ. ಕತ್ತರಿಸುವುದು, ಜೋಡಿಸುವುದು ಎರಡೂ ಒಂದೇ ಕೋಣೆಯಲ್ಲಿ ಆಗಲಿ.

ಕ್ಯಾಲ್ಸಿಯಂ ಕ್ಲೋರೈಡನ್ನು 200 ಡಿಗ್ರಿಯಲ್ಲಿ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆ) ಆರಿಸಿ, ಹರಳಿನ ರೂಪದಲ್ಲಿ ತುಂಬಬೇಕು. ಹಿಟ್ಟಿನಂಥ ಪುಡಿಯನ್ನು ಮೊದಲೇ ಜರಡಿ ಹಿಡಿದು ತೆಗೆದುಬಿಡಿ. ಹರಳಿನ ಮಟ್ಟ ಫಿಲ್ಮಿಗಿಂತ ಸುಮಾರು 6 ಮಿ.ಮೀ. ಕೆಳಗಿರಲಿ. ತಾಗಿದರೆ ಆ ಜಾಗದಲ್ಲಿ ಫಿಲ್ಮ್ ಹಾಳು. ತೀರಾ ಕೆಳಗಿದ್ದರೆ ನಡುವಿನ ಗಾಳಿಯೇ ಆವಿಗೆ ಅಡ್ಡಿ. ತುಂಬಿದ ಕಪ್ಪನ್ನು ಬಾಯಿ ತೆರೆದಿಟ್ಟು ಹರಟೆ ಹೊಡೆಯುವಂತಿಲ್ಲ, ಜುಲೈ ಗಾಳಿಯಲ್ಲಿ ಹರಳು ನೋಡನೋಡುತ್ತಲೇ ಒದ್ದೆಯಾಗುತ್ತದೆ.

ಇನ್ನು ಮೇಣ. ಬರೀ ಪ್ಯಾರಾಫಿನ್ ಆರುವಾಗ ಕುಗ್ಗಿ ಸೀಳುತ್ತದೆ, ಲೋಹದಿಂದ ಬಿಟ್ಟುಕೊಳ್ಳುತ್ತದೆ. ಆದ್ದರಿಂದ 60 ಪಾಲು ಮೈಕ್ರೋಕ್ರಿಸ್ಟಲೈನ್ ಮೇಣಕ್ಕೆ 40 ಪಾಲು ಪ್ಯಾರಾಫಿನ್ ಸೇರಿಸುತ್ತಾರೆ. ನೇರ ಉರಿ ಬೇಡ, ಬಿಸಿನೀರಿನ ಮೇಲೆ ಕರಗಿಸಿ. ತೀರಾ ಬಿಸಿಯಾದರೆ ತೆಳು ಫಿಲ್ಮ್ ಸುಕ್ಕಾಗುತ್ತದೆ. ತಣ್ಣಗಾದರೆ ಮೇಣ ಮೇಲೆ ಕೂರುತ್ತದೆ ಹೊರತು ಅಂಟುವುದಿಲ್ಲ. ಫಿಲ್ಮಿನ ಮೇಲೆ ಕಪ್ಪಿನ ಬಾಯಿಯಷ್ಟೇ ಅಗಲದ ಲೋಹದ ಬಿಲ್ಲೆ ಇಟ್ಟು, ಅದರ ಸುತ್ತ ಮೇಣ ಸುರಿದು, ಆರಿದ ಮೇಲೆ ಬಿಲ್ಲೆ ಎತ್ತಬೇಕು. ಬಿಲ್ಲೆ ಏಕೆಂದರೆ, 80 ಮಿ.ಮೀ. ಬಾಯಿಯ ಕಪ್ಪಿನಲ್ಲಿ ಮೇಣ ಸುತ್ತಲೂ 1 ಮಿ.ಮೀ. ಒಳಗೆ ಹರಿದರೂ ತೆರೆದ ಫಿಲ್ಮಿನ ವಿಸ್ತೀರ್ಣ ಶೇ. 5ರಷ್ಟು ಕಡಿಮೆಯಾಗುತ್ತದೆ. ಫಲಿತಾಂಶದಲ್ಲೂ ಅಷ್ಟೇ ತಪ್ಪು.

ಈ ಕಪ್ಪಿನ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ. ಚದರ ಮೀಟರಿಗೆ ದಿನಕ್ಕೆ 5 ಗ್ರಾಂ ಬಿಡುವ ಫಿಲ್ಮ್ ಇದ್ದರೆ ಕಪ್ಪಿನ ತೂಕ ದಿನಕ್ಕೆ ಏರುವುದು ಬರೀ 25 ಮಿಲಿಗ್ರಾಂ. 5 ಮಿಲಿಗ್ರಾಂ ಮೇಣದ ಚೂರು ಉದುರಿದರೆ ಆ ದಿನದ ಲೆಕ್ಕದಲ್ಲಿ ಐದನೇ ಒಂದು ಪಾಲು ಹೋಯಿತು. ಹಾಗಾಗಿ ಹೊರಗೆ ಅಂಟಿದ ತುಣುಕುಗಳನ್ನು ಮೊದಲ ತೂಕಕ್ಕೆ ಮುನ್ನವೇ ಕೆರೆದು ತೆಗೆಯಬೇಕು. 38 ಡಿಗ್ರಿಯ ಕಪ್ಪನ್ನು ಬಿಸಿ ಬಿಸಿಯಾಗಿ ತಕ್ಕಡಿಗಿಡಬಾರದು. ಬಿಸಿಗಾಳಿ ಮೇಲೇಳುವುದರಿಂದ ತೂಕ ಕಡಿಮೆ ತೋರುತ್ತದೆ. ಆರಲು ಪ್ರತಿ ಸಲವೂ ಒಂದೇ ಅವಧಿ ಕೊಡಿ. ತೂಗಿದ ಮೇಲೆ ಕಪ್ಪನ್ನು ಮೆಲ್ಲಗೆ ಅಡ್ಡಡ್ಡ ಅಲುಗಿಸಿದರೆ ಮೇಲಿನ ಒದ್ದೆ ಹರಳು ಒಳಗಿನದರೊಂದಿಗೆ ಬೆರೆಯುತ್ತದೆ. ಹರಳು ತನ್ನ ತೂಕದ ಶೇ. 10ರಷ್ಟು ನೀರು ಕುಡಿಯುವ ಮುನ್ನ ಪರೀಕ್ಷೆ ನಿಲ್ಲಿಸಬೇಕು.

ಜೊತೆಗೆ ಹರಳಿಲ್ಲದ ಒಂದು ಕಪ್ಪನ್ನೂ ಹೀಗೇ ಮುಚ್ಚಿ ಇಡುವುದು ಜಾಣತನ. ಗಾಳಿಯ ಒತ್ತಡ, ತಾಪ ಬದಲಾಗಿ ತೂಕ ಆಡಿದರೆ ಅದರಲ್ಲಿ ಕಾಣುತ್ತದೆ, ಅಷ್ಟನ್ನು ಉಳಿದ ಕಪ್ಪುಗಳ ಲೆಕ್ಕದಿಂದ ಕಳೆಯಬಹುದು. ಚದರ ಮೀಟರಿಗೆ ದಿನಕ್ಕೆ 1 ಗ್ರಾಮಿಗೂ ಕಡಿಮೆ ಬಿಡುವ ಫಿಲ್ಮಿಗೆ ಕಪ್ಪನ್ನು ನೆಚ್ಚಬೇಡಿ, ಇನ್‌ಫ್ರಾರೆಡ್ ಸೆನ್ಸರಿನ ಯಂತ್ರವೇ ಬೇಕು. ಅಲ್ಲೂ ಅಂಚಿಗೆ ಗ್ರೀಸ್ ಸಮನಾಗಿ ಹಚ್ಚದಿದ್ದರೆ ಇದೇ ರಗಳೆ.

ತೂಕ ಮತ್ತು ಸಮಯವನ್ನು ಗ್ರಾಫಿನಲ್ಲಿಟ್ಟು ನೇರ ಗೆರೆ ಸಿಕ್ಕ ಭಾಗದಿಂದ ಮಾತ್ರ ಲೆಕ್ಕ ಹಾಕಬೇಕು. ಕನಿಷ್ಠ 6 ಬಿಂದುಗಳಿರಲಿ. ಮೂರರಲ್ಲಿ ಎರಡು ಕಪ್ ಹೊಂದಿ, ಒಂದು ಮಾತ್ರ ದುಪ್ಪಟ್ಟು ಏರಿದ್ದರೆ ಸರಾಸರಿ ತೆಗೆದು ಕೈತೊಳೆದುಕೊಳ್ಳಬೇಡಿ. ಮೇಣ ಬಿಡಿಸಿ ಅಂಚನ್ನು ನೋಡಿ. ಅಂಚು ಸರಿಯಿದ್ದರೆ ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿಯಿರಿ. ಲ್ಯಾಬಿಗೆ ಕಳಿಸುವವರು ತಿಂಡಿ ತಾಗುವ ಮಗ್ಗುಲು ಯಾವುದೆಂದು ತುಂಡಿನ ಮೂಲೆಯಲ್ಲಿ, ಕಪ್ಪಿನ ಬಾಯಿಗೆ ಬಾರದ ಕಡೆ ಗುರುತು ಹಾಕಿರಲಿ. ನೈಲಾನಿನಂಥ ಪದರ ತೇವ ಹೀರಿದಾಗ ಹೆಚ್ಚು ಆವಿ ಬಿಡುತ್ತದೆ, ಮಗ್ಗುಲು ತಿರುವುಮುರುವಾದರೆ ಅಂಕಿಯೇ ಬದಲಾಗಬಹುದು.