ಖೋಟಾ ನೋಟು, ಸುಳ್ಳು ಸಾಕ್ಷ್ಯ: 179, 180, 238ರ ತೊಡಕು

ನಾಣ್ಯ, ನೋಟು, ಸರ್ಕಾರಿ ಸ್ಟಾಂಪಿನ ಅಪರಾಧಗಳು ಭಾರತೀಯ ನ್ಯಾಯ ಸಂಹಿತೆಯ, ಅಂದರೆ ಬಿಎನ್‌ಎಸ್‌ನ 10ನೇ ಅಧ್ಯಾಯದಲ್ಲಿವೆ, ಕಲಂ 178ರಿಂದ 188. ಸುಳ್ಳು ಸಾಕ್ಷ್ಯ ಮತ್ತು ಸಾರ್ವಜನಿಕ ನ್ಯಾಯದ ವಿರುದ್ಧದ ಅಪರಾಧಗಳು 14ನೇ ಅಧ್ಯಾಯ, 227ರಿಂದ 269. 2024ರ ಜುಲೈ 1ಕ್ಕಿಂತ ಮೊದಲು ನಡೆದದ್ದಕ್ಕೆ ಹಳೆಯ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿಯೇ ಅನ್ವಯ.

ಹಳೇ ಪ್ರಶ್ನೆಪತ್ರಿಕೆ ಬಿಡಿಸುವವರಿಗೆ ಒಂದು ಸುಲಭದ ದಾರಿ. ಐಪಿಸಿಯ 489ಎ, ಬಿ, ಸಿ, ಡಿ, ಇ ಈಗ ಅದೇ ಸಾಲಿನಲ್ಲಿ 178, 179, 180, 181, 182. ತಯಾರಿಸುವುದು, ಚಲಾಯಿಸುವುದು, ಇಟ್ಟುಕೊಳ್ಳುವುದು, ತಯಾರಿಕೆಯ ಸಲಕರಣೆ, ನೋಟಿನ ಹಾಗೆ ಕಾಣುವ ಕಾಗದ. ಮೊದಲ ನಾಲ್ಕಕ್ಕೆ ಈಗ ನಾಣ್ಯ, ಸ್ಟಾಂಪೂ ಸೇರಿವೆ, ಅಷ್ಟೇ.

178, 179, 181ಕ್ಕೆ ಜೀವಾವಧಿ ಅಥವಾ 10 ವರ್ಷದವರೆಗೆ ಜೈಲು, ಜೊತೆಗೆ ದಂಡ. 180ಕ್ಕೆ 7 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. 182ರಡಿ ಅಂಥ ಕಾಗದ ಮಾಡಿದ್ದಕ್ಕೆ ಬರೀ 300 ರೂಪಾಯಿವರೆಗೆ ದಂಡ. ಹೆದರಿಸುವಂಥ ಮೊತ್ತವೇನಲ್ಲ ಬಿಡಿ.

ತಲೆ ತಿನ್ನುವುದು 179 ಮತ್ತು 180ರ ನಡುವಿನ ಗೆರೆ. ಒಂದು ಕಥೆ ಮಾಡಿಕೊಳ್ಳೋಣ. ಕಾರವಾರದ ಭಾನುವಾರದ ಸಂತೆಯಲ್ಲಿ ಅಕ್ಕ ಒಬ್ಬರು ಬಂಗುಡೆ ಮಾರುತ್ತಾರೆ. ಗದ್ದಲದಲ್ಲಿ ಯಾರೋ ಖೋಟಾ 500ರ ನೋಟು ಕೊಟ್ಟು ಹೋಗುತ್ತಾರೆ. ಆಗ ಅಕ್ಕನಿಗೆ ಗೊತ್ತಿಲ್ಲ, ಅನುಮಾನ ಪಡಲು ಕಾರಣವೂ ಇಲ್ಲ. ಹಾಗಾಗಿ ಅಪರಾಧವೂ ಇಲ್ಲ. ಮನೆಗೆ ಬಂದು ಎಣಿಸುವಾಗ ಗೊತ್ತಾಯಿತು. ಆಗಲೂ ಅಪರಾಧ ಇಲ್ಲ. ಯಾಕೆಂದರೆ 180ಕ್ಕೆ ಎರಡು ಬೇಕು: ಖೋಟಾ ಎಂದು ಗೊತ್ತಿರಬೇಕು ಅಥವಾ ಹಾಗೆ ನಂಬಲು ಕಾರಣ ಇರಬೇಕು, ಮತ್ತು ಅಸಲಿ ಎಂದು ಚಲಾಯಿಸುವ ಉದ್ದೇಶ ಇರಬೇಕು. ಮೊದಲನೆಯದು ಬಂತು, ಎರಡನೆಯದು ಬಂದಿಲ್ಲ.

ಮರುದಿನ ಅಂಕೋಲಾ ಬಸ್ಸಿನಲ್ಲಿ ಗೊತ್ತಿದ್ದೂ ಅದನ್ನೇ ಕಂಡಕ್ಟರಿಗೆ ಕೊಟ್ಟರೆ? ನೇರ 179. ಬಂದಾಗ ಗೊತ್ತಿರಲಿಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಚಲಾಯಿಸಿದ ಗಳಿಗೆಯಲ್ಲಿ ಗೊತ್ತಿತ್ತೇ ಎಂಬುದೇ ಪ್ರಶ್ನೆ.

180ಕ್ಕೆ ಒಂದು ಹೊಸ ವಿವರಣೆ ಸೇರಿದೆ: ನೋಟು ಕಾನೂನುಬದ್ಧ ಮೂಲದಿಂದ ಬಂತು ಎಂದು ಸಾಬೀತು ಮಾಡಿದರೆ ಈ ಕಲಮಿನಡಿ ಅಪರಾಧ ಅಲ್ಲ. ‘ಈ ಕಲಮಿನಡಿ’ ಎಂಬ ಮಾತನ್ನು ಬಿಡದೆ ಓದಿ. ಮೀನು ಮಾರಿ ಬಂದ ದುಡ್ಡು ಎಂಬುದು ಅಕ್ಕನನ್ನು 180ರಿಂದ ಉಳಿಸಬಹುದು, 179ರಿಂದ ಅಲ್ಲ. ಪ್ರಶ್ನೆ ಕೇಳುವವರು ಇಲ್ಲೇ ಗಾಳ ಹಾಕುತ್ತಾರೆ.

ಗೊತ್ತಿರುವಿಕೆ ಎಷ್ಟು ಮುಖ್ಯ ಎಂಬುದಕ್ಕೆ 2001ರ ಛತ್ತೀಸ್‌ಗಢದ ಪ್ರಕರಣ ಓದಿ. ಹದಿನೆಂಟರ ವಿದ್ಯಾರ್ಥಿ ಖೋಟಾ 100ರ ನೋಟು ಕೊಟ್ಟು ಮಾವಿನಹಣ್ಣು ಕೊಂಡಿದ್ದ. (ಅಂಕೋಲೆಯ ಕರಿ ಇಶಾಡ ಅಲ್ಲ ಬಿಡಿ!) ಅವನಿಗೆ ಗೊತ್ತಿತ್ತು ಎಂಬುದು ಸಾಬೀತಾಗಲಿಲ್ಲ. ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು.

ಈಗ 14ನೇ ಅಧ್ಯಾಯಕ್ಕೆ ಬರೋಣ. ಕಥೆ ಸ್ವಲ್ಪ ಬದಲಿಸಿ. ಖೋಟಾ ಎಂದು ಗೊತ್ತಾದ ಮೇಲೂ ಅಕ್ಕ ನೋಟುಗಳನ್ನು ಶಿರಸಿ ಜಾತ್ರೆಯಲ್ಲಿ ಚಲಾಯಿಸಲು ಎತ್ತಿಟ್ಟಿದ್ದಾರೆ. ಪೊಲೀಸರು ಬರುವ ಸುದ್ದಿ ಸಿಕ್ಕಿ ಅಕ್ಕನ ತಮ್ಮ ಎಲ್ಲವನ್ನೂ ಬಚ್ಚಲೊಲೆಗೆ ಹಾಕುತ್ತಾನೆ. ಅಕ್ಕನನ್ನು ಉಳಿಸಲು ಮಾಡಿದ್ದು, ಹಾಗಾಗಿ 238, ಸಾಕ್ಷ್ಯ ನಾಶ. ಇದರ ಶಿಕ್ಷೆ ಮೂಲ ಅಪರಾಧವನ್ನು ನೋಡಿ ಬದಲಾಗುತ್ತದೆ. ಮರಣದಂಡನೆಯ ಅಪರಾಧವಾದರೆ 7 ವರ್ಷದವರೆಗೆ. ಜೀವಾವಧಿ ಅಥವಾ 10 ವರ್ಷದ್ದಾದರೆ 3 ವರ್ಷದವರೆಗೆ. ಅದಕ್ಕಿಂತ ಕಡಿಮೆಯಾದರೆ ಗರಿಷ್ಠ ಶಿಕ್ಷೆಯ ಕಾಲು ಭಾಗ. 180ರ ಗರಿಷ್ಠ 7 ವರ್ಷ, ಅಂದರೆ 84 ತಿಂಗಳು. ಕಾಲು ಭಾಗ 21 ತಿಂಗಳು. ಅಕ್ಕ ಆಗಲೇ ಒಂದು ನೋಟು ಚಲಾಯಿಸಿದ್ದು, ಅದನ್ನು ಮುಚ್ಚಲು ತಮ್ಮ ಸುಟ್ಟಿದ್ದರೆ ಮೂಲ ಅಪರಾಧ 179, ಅವನಿಗೆ 3 ವರ್ಷದವರೆಗೆ. ಹೀಗೆ ಮೊದಲು ಅಕ್ಕನ ಕಲಂ ಹಿಡಿಯಿರಿ, ಆಮೇಲೆ ತಮ್ಮನದು. ನೋಟು ಬರೀ ಗೊತ್ತಿಲ್ಲದೆ ಬಂದದ್ದಾಗಿದ್ದರೆ ಮುಚ್ಚಲು ಅಪರಾಧವೇ ಇಲ್ಲ, 238 ಕೂಡ ನಿಲ್ಲುವುದಿಲ್ಲ.

ಮುಂದೆ ಕೋರ್ಟಿನಲ್ಲಿ ಈ ತಮ್ಮನೇ ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳಿದರೆ 229: 7 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಆದರೆ ಇದಕ್ಕೆ ಯಾರು ಬೇಕಾದರೂ ದೂರು ಕೊಡುವಂತಿಲ್ಲ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 215ರ ಪ್ರಕಾರ ಆ ಕೋರ್ಟು, ಅದು ಅಧಿಕಾರ ಕೊಟ್ಟ ಅಧಿಕಾರಿ ಅಥವಾ ಮೇಲಿನ ಕೋರ್ಟು ಲಿಖಿತ ದೂರು ಕೊಡಬೇಕು. ಇಂಥ ದೂರು ಬೇಕಾದ ಕಲಮುಗಳ ಪಟ್ಟಿಯಲ್ಲಿ 238 ಇಲ್ಲ. ಬಚ್ಚಲೊಲೆಯ ವಿಷಯಕ್ಕೆ ಕೋರ್ಟಿನ ದೂರು ಬೇಕಿಲ್ಲ, ಕಟಕಟೆಯ ಸುಳ್ಳಿಗೆ ಕೋರ್ಟೇ ಬೇಕು.