ಸಹಭಾಗಿತ್ವ: ಕೇಳುವುದು ಭಾಗ, ಸಿಗುವುದು ಭಾಗ್ಯ

‘ಕುಲಾಂತರಿ ಜೀವಿಗಳ ಕುರಿತು ರೈತರಿಗೆ ಮಾಹಿತಿ ನೀಡಿ ಸಾರ್ವಜನಿಕ ಸಹಭಾಗಿತ್ವವನ್ನು ಖಾತ್ರಿಪಡಿಸಲಾಯಿತು.’ (ಕುಲಾಂತರಿ ಎಂದರೆ ಜೀನ್ ತಿದ್ದಿದ್ದು.) ಈ ಧಾಟಿಯ ವಾಕ್ಯವನ್ನು ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ಪತ್ರಿಕಾ ಹೇಳಿಕೆಗಳಲ್ಲಿ ಓದಿ ಓದಿ ಸಾಕಾಗಿದೆ. ವೇದಿಕೆಯ ಮೇಲಿದ್ದವರು ಹೇಳಿದರು, ಕುರ್ಚಿಯಲ್ಲಿ ಕುಳಿತವರು ಕೇಳಿದರು, ವಂದನಾರ್ಪಣೆ ಮುಗಿಯಿತು, ಉಪ್ಪಿಟ್ಟು ಬಂತು. ಇದಕ್ಕೆ ಅರಿವು ಕಾರ್ಯಕ್ರಮ ಎಂಬ ಮರ್ಯಾದಸ್ಥ ಹೆಸರೇ ಇರುವಾಗ ಸಹಭಾಗಿತ್ವವನ್ನು ಎಳೆದು ತರುವುದೇಕೆ?

ಸಂಸ್ಕೃತದ ‘ಭಜ್’ ಧಾತುವಿಗೆ ಹಂಚು, ಪಾಲು ಮಾಡು ಎಂಬ ಅರ್ಥವಿದೆ. ಭಾಗ, ಭಾಗಿ, ವಿಭಾಗ, ಭಾಗ್ಯ ಎಲ್ಲವೂ ಅದೇ ಬೇರಿನವು. ನಮ್ಮ ಊರುಗಳಲ್ಲಿ ಈ ಪದಕ್ಕೆ ನಿಘಂಟಿಗಿಂತ ಗಟ್ಟಿಯಾದ ಅರ್ಥವಿದೆ. ಅಣ್ಣತಮ್ಮಂದಿರು ಭಾಗವಾದರು ಎಂದರೆ ಪಹಣಿಯಲ್ಲಿ ಹೆಸರು ಬದಲಾಯಿತು ಎಂದು ಅರ್ಥ. ಭಾಗ ಕೇಳಲು ಬಂದ ತಮ್ಮನಿಗೆ ಮಣ್ಣಿನ ಫಲವತ್ತತೆಯ ಬಗ್ಗೆ ಉಪನ್ಯಾಸ ಕೊಟ್ಟು, ಊಟ ಹಾಕಿ ಕಳಿಸಿ, ‘ಅವನ ಭಾಗ ಕೊಟ್ಟಾಯಿತು’ ಎನ್ನುವ ಅಣ್ಣನನ್ನು ಪಂಚಾಯಿತಿ ಕಟ್ಟೆಯಲ್ಲಿ ಯಾರೂ ಒಪ್ಪುವುದಿಲ್ಲ. ಭಾಗ್ಯದ ಮಾತು ಬೇರೆ. ಅದು ಇನ್ನೊಬ್ಬರು ಹಂಚಿ ನಮ್ಮ ಪಾಲಿಗೆ ಬಂದದ್ದು. ಅನ್ನಭಾಗ್ಯ, ಕ್ಷೀರಭಾಗ್ಯ ಎಂದು ಹೆಸರಿಟ್ಟವರಿಗೆ ಕನ್ನಡ ಚೆನ್ನಾಗಿ ಗೊತ್ತಿತ್ತು. ಆ ಯೋಜನೆಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸರ್ಕಾರಗಳಿಗೆ ಭಾಗ್ಯ ಕೊಟ್ಟು ರೂಢಿ, ಭಾಗ ಕೊಟ್ಟು ರೂಢಿಯಿಲ್ಲ. ಹಾಗಾಗಿ ಮಾಹಿತಿಭಾಗ್ಯಕ್ಕೂ ಸಹಭಾಗಿತ್ವ ಎಂಬ ಚೀಟಿ ಅಂಟಿಸಲಾಗುತ್ತದೆ. ವಿಚಿತ್ರವೆಂದರೆ ‘ಸಾರ್ವಜನಿಕ–ಖಾಸಗಿ ಸಹಭಾಗಿತ್ವ’ ಎಂದಾಗ ಈ ಗೊಂದಲ ಯಾರಿಗೂ ಆಗುವುದಿಲ್ಲ. ಅಲ್ಲಿ ಕಂಪನಿಯ ಪಾಲು ಎಷ್ಟು ಎಂಬುದು ಕರಾರುಪತ್ರದಲ್ಲೇ ಇರುತ್ತದೆ. ಕರಪತ್ರ ಕೊಟ್ಟು ಯಾರೂ ಕಂಪನಿಯನ್ನು ಸಾಗಹಾಕುವುದಿಲ್ಲ.

ಅಪಾಯ ನಿಯಂತ್ರಣದ ಮಾತಿನಲ್ಲಿ ಸಹಭಾಗಿತ್ವ ಎಂದರೆ ಕಡತ ಮುಚ್ಚುವ ಮೊದಲು ಜನರನ್ನು ಕೇಳುವುದು, ಅವರು ಹೇಳಿದ್ದನ್ನು ದಾಖಲಿಸುವುದು, ಒಪ್ಪಿದರೂ ಬಿಟ್ಟರೂ ಅದಕ್ಕೆ ಉತ್ತರ ಬರೆಯುವುದು. ಜೈವಿಕ ಸುರಕ್ಷತೆಯ ಕಾರ್ಟಹೇನಾ ಒಡಂಬಡಿಕೆಗೆ ಭಾರತ 2003ರಲ್ಲಿ ಸೇರಿತು. ಅದರ 23ನೇ ವಿಧಿಯಲ್ಲಿ ಅರಿವು ಮೂಡಿಸುವುದೇ ಬೇರೆ, ತೀರ್ಮಾನ ಕೈಗೊಳ್ಳುವಾಗ ಜನರೊಡನೆ ಸಮಾಲೋಚಿಸಿ ಫಲಿತಾಂಶವನ್ನು ಅವರಿಗೆ ತಿಳಿಸುವುದೇ ಬೇರೆ. ನಮ್ಮಲ್ಲಿ ಕುಲಾಂತರಿ ಜೀವಿಗಳನ್ನು ನಿಯಂತ್ರಿಸುವ 1989ರ ನಿಯಮಗಳಲ್ಲಿ ಅಂಥ ಸಮಾಲೋಚನೆಗೆ ಜಾಗವೇ ಇಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಮಟ್ಟದ ಸಮಿತಿಯೊಂದು ಆ ನಿಯಮಗಳಲ್ಲಿದೆ ನಿಜ, ಆದರೆ ಅದರ ಪಟ್ಟಿಯ ತುಂಬ ಅಧಿಕಾರಿಗಳು. 2010ರಲ್ಲಿ ಕುಲಾಂತರಿ ತಳಿಯಾದ ಬಿಟಿ ಬದನೆಗಾಗಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಭೆಗಳು ನಡೆದದ್ದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಮನಸ್ಸು ಮಾಡಿದ್ದರಿಂದ. ನಿಯಮ ಹಾಗೆ ಹೇಳಿತ್ತೆಂದಲ್ಲ.

ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಗಟ್ಟಿಯಾದ ಪದ್ಧತಿ ಗೊತ್ತಿದೆ. ಪರಿಸರ ಅನುಮತಿ ಬೇಕಾದ ದೊಡ್ಡ ಕಲ್ಲುಗಣಿಗೆ 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಕನಿಷ್ಠ 30 ದಿನ ಮೊದಲು ನೋಟಿಸ್, ವಿಡಿಯೊ ಚಿತ್ರೀಕರಣ, ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳುವುದು, ಎಲ್ಲವೂ ಕಾಗದದ ಮೇಲಿದೆ. ಕಾಗದದ ಮೇಲೆ ಮಾತ್ರ ಎನ್ನುವವರು ಇದ್ದಾರೆ. ಅವರ ಮಾತು ತೀರಾ ಸುಳ್ಳೂ ಅಲ್ಲ. ಆದರೂ ಜಲ್ಲಿಕಲ್ಲಿಗೆ ಇರುವಷ್ಟು ವಿಧಿವಿಧಾನ ಜೀನ್ ತಿದ್ದಿದ ಪ್ರಾಣಿಗೆ ಇಲ್ಲವೆಂಬುದು ಸೋಜಿಗವಲ್ಲವೇ?

ಹೊರಗಿನ ಉದಾಹರಣೆಗೆ ಸೊಳ್ಳೆಯೇ ಸಾಕು. ಕೇಮನ್ ದ್ವೀಪಗಳಲ್ಲಿ ಆಕ್ಸಿಟೆಕ್ ಕಂಪನಿಯ ಕುಲಾಂತರಿ ಸೊಳ್ಳೆಗಳನ್ನು ಬಿಟ್ಟದ್ದು 2009ರಲ್ಲಿ, ಹೊರಜಗತ್ತಿಗೆ ಸುದ್ದಿ ಹರಡಿದ್ದು 2010ರಲ್ಲಿ. ಸ್ಥಳೀಯರಿಗೆ ತಿಳಿಸಿದ್ದೆವು ಎಂಬ ಸಮರ್ಥನೆ ಬಂತು. ತಿಳಿಸಿದ್ದು ಸರಿ, ಕೇಳಿದ್ದು ಯಾವಾಗ? ಅಮೆರಿಕದ ಫ್ಲಾರಿಡಾ ಕೀಸ್‌ನಲ್ಲಿ 2016ರಲ್ಲಿ ಮತ ಹಾಕಿಸಿದರು. ಇಡೀ ಕೌಂಟಿ ಹೂಂ ಎಂದಿತು, ಸೊಳ್ಳೆ ಬಿಡಬೇಕೆಂದಿದ್ದ ಕೀ ಹೇವನ್ ಬಡಾವಣೆ ಬೇಡ ಎಂದಿತು. 2021ರಲ್ಲಿ ಸೊಳ್ಳೆ ಬಿಟ್ಟದ್ದು ಬೇರೆ ದ್ವೀಪಗಳಲ್ಲಿ. ಆದರೆ ಮತದಾನವನ್ನೇ ಸಹಭಾಗಿತ್ವ ಎಂದುಕೊಂಡರೆ ಅದೂ ಅವಸರ. ಹೂಂ, ಊಹೂಂ ಎರಡೇ ಉತ್ತರ ಇರುವ ಕಡೆ ‘ಹೀಗೆ ಮಾಡಿದರೆ ಏನಾದೀತು’ ಎಂಬ ಪ್ರಶ್ನೆಗೆ ಸ್ಥಳವಿರುವುದಿಲ್ಲ.

ಆ ಪ್ರಶ್ನೆ ನಮಗೆ ದೂರದ್ದೇನೂ ಅಲ್ಲ. ಹಾಲುತೊಂಡೆ ರೋಗದ ವೈರಾಣುವನ್ನು ತಡೆಯುವ ಕುಲಾಂತರಿ ರೇಷ್ಮೆಹುಳುವಿನ ಬಗ್ಗೆ ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ವಿವರ ಪ್ರಕಟಿಸಿದರು. ಅದರಲ್ಲಿ ಗೌರಿಬಿದನೂರಿನಾಚೆ ಇರುವ ಹಿಂದೂಪುರದ ರೇಷ್ಮೆ ಸಂಶೋಧನಾ ಸಂಸ್ಥೆಯೂ ಜೊತೆಗಿತ್ತು. ಹಣ್ಣಾಗುವ ಹೊತ್ತಿಗೆ ಹುಳುವಿನ ಗಿಣ್ಣುಗಳು ಊದಿ, ಚರ್ಮ ಮಿರುಗಿ, ತಟ್ಟೆಯ ಅಂಚಿನಲ್ಲಿ ಅಲೆದಾಡಿ, ಮುಟ್ಟಿದರೆ ಒಡೆದು ಹಾಲಿನಂಥ ದ್ರವ ಸುರಿಸುವುದನ್ನು ಕಂಡ ಶಿಡ್ಲಘಟ್ಟದ ರೈತ ಇಂಥ ತಳಿಯನ್ನು ಬೇಡ ಎನ್ನುವವನೆಂದು ಮೊದಲೇ ತೀರ್ಮಾನಿಸಬೇಕಿಲ್ಲ. ಬೇಕು ಎನ್ನಬಹುದು. ಕೇಳಿ ನೋಡಬೇಕಷ್ಟೆ.

ಸಾಕು ರೇಷ್ಮೆ ಚಿಟ್ಟೆಗೆ ಹಾರಲು ಬಾರದು, ಹಾಗಾಗಿ ಸೊಳ್ಳೆಯಂತೆ ತಪ್ಪಿಸಿಕೊಂಡು ಹೋಗುವ ಭಯ ಕಡಿಮೆ. ಇದು ಪ್ರಯೋಗಾಲಯಕ್ಕೆ ಗೊತ್ತು. ಹುಳುವಿನ ಹಾಸಿಗೆಯ ಹಿಕ್ಕೆ, ತಿಂದುಳಿದ ಸೊಪ್ಪು ದನದ ಕೊಟ್ಟಿಗೆಗೂ ತಿಪ್ಪೆಗೂ ಹೋಗುವುದು, ನೂಲು ಬಿಚ್ಚಿದ ಮೇಲೆ ಉಳಿಯುವ, ಗೂಡಿನೊಳಗಿನ ಪ್ಯೂಪಾ (ಕೋಶಾವಸ್ಥೆಯ ಹುಳು) ಎಣ್ಣೆಗೂ ಮೀನು, ಕೋಳಿಗಳ ಆಹಾರಕ್ಕೂ ಮಾರಾಟವಾಗುವುದು, ಇವು ಹುಳುಮನೆಯವರಿಗೆ, ರೀಲಿಂಗ್ ಘಟಕದವರಿಗೆ ಗೊತ್ತು. ತಿದ್ದಿದ ಜೀನಿರುವ ಪ್ಯೂಪಾ ಯಾವ ಕೆರೆಯ ಮೀನಿನ ಹೊಟ್ಟೆ ಸೇರುತ್ತದೆ ಎಂಬುದು ಅಪಾಯದ ಲೆಕ್ಕಕ್ಕೆ ಬೇಕಾದ ಮಾಹಿತಿ. ಜನರನ್ನು ಕರೆಯುವುದು ಔದಾರ್ಯಕ್ಕಲ್ಲ, ಅವರಿಲ್ಲದೆ ಲೆಕ್ಕವೇ ತಪ್ಪುತ್ತದೆ.

2024ರ ಜುಲೈ 23ರಂದು ಕುಲಾಂತರಿ ಸಾಸಿವೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರೂ, ಸಂಬಂಧಪಟ್ಟ ಎಲ್ಲರೊಡನೆ ಸಮಾಲೋಚಿಸಿ ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿ ರೂಪಿಸಬೇಕು ಎಂಬಲ್ಲಿ ಒಂದಾಗಿದ್ದರು. ಪ್ರಾಣಿಗಳಿಗೂ ಅಂಥದ್ದೊಂದು ನೀತಿ ಬರುವುದಾದರೆ, ‘ಸಂಬಂಧಪಟ್ಟವರು’ ಯಾರು ಎಂಬ ಪಟ್ಟಿಯನ್ನು ಶಿಡ್ಲಘಟ್ಟದ ಮಟ್ಟಿಗೆ ಹೀಗೆ ಬರೆಯಬಹುದು: ರೇಷ್ಮೆ ಮೊಟ್ಟೆ ಮಾರುವವರು, ಚಾಕಿ (ಮರಿಹುಳು) ಸಾಕುವವರು, ಗೂಡು ಬೆಳೆಯುವವರು, ರೀಲರ್‌ಗಳು, ಬಿಸಿನೀರಿನ ತೊಟ್ಟಿಯ ಮುಂದೆ ದಿನವಿಡೀ ದುಡಿಯುವ ಹೆಣ್ಣುಮಕ್ಕಳು, ಪ್ಯೂಪಾ ಕೊಳ್ಳುವ ವ್ಯಾಪಾರಿಗಳು. ಮೊದಲ ನಾಲ್ವರಿಗೆ ಹೇಗೋ ಆಹ್ವಾನ ಪತ್ರಿಕೆ ಹೋದೀತು.